ಲವಿಂಗ್ ಕೌಂಟಿ: ಎರಡು ಸಲ ಹುಟ್ಟಿದ ಟೆಕ್ಸಸ್ ಕೌಂಟಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 254 ಕೌಂಟಿಗಳಿವೆ. ಅವುಗಳ ಪೈಕಿ ಎರಡು ಬಾರಿ ಸ್ಥಾಪನೆಯಾದದ್ದು ಒಂದೇ, ಲವಿಂಗ್ ಕೌಂಟಿ. ಮೊದಲ ಸಲ ಕಟ್ಟಿದವರು ಊರು ಬಿಟ್ಟು ಹೋದರು, ಎರಡನೇ ಸಲ ನೆಲದಡಿ ಎಣ್ಣೆ (ಪೆಟ್ರೋಲಿಯಂ) ಸಿಕ್ಕಿತು. ಈ ಕೌಂಟಿಯ ಹೆಸರು ಕೇಳಿದವರಿಗೆಲ್ಲ ಸುಮಾರಾಗಿ ಅವೇ ಸಂಶಯಗಳು ಬರುತ್ತವೆ. ಅವಕ್ಕೆ ಉತ್ತರಗಳು ಇಲ್ಲಿವೆ.

ಲವಿಂಗ್ ಕೌಂಟಿ ಎಲ್ಲಿದೆ?

ಪಶ್ಚಿಮ ಟೆಕ್ಸಸ್‌ನಲ್ಲಿ, ನ್ಯೂ ಮೆಕ್ಸಿಕೋ ಗಡಿಗೆ ಅಂಟಿಕೊಂಡು. ನೈಋತ್ಯದ ಅಂಚಿನಲ್ಲಿ ಪೇಕೋಸ್ ನದಿ ಹರಿಯುತ್ತದೆ. ನದಿ ದಾಟಿದರೆ ರೀವ್ಸ್ ಕೌಂಟಿ, ಪೂರ್ವಕ್ಕೆ ವಿಂಕ್ಲರ್ ಕೌಂಟಿ. ಮರವೇ ಕಾಣದ ಒಣ ಬಯಲು, ಕುರುಚಲು ಪೊದೆ, ಉಪ್ಪು ಬೆರೆತ ನದಿನೀರು. ವಿಸ್ತೀರ್ಣ ಸುಮಾರು 1,750 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಒಂದಿಷ್ಟು ಚಿಕ್ಕದು. 2020ರ ಜನಗಣತಿಯಲ್ಲಿ ಇಷ್ಟು ಜಾಗದಲ್ಲಿ ಸಿಕ್ಕ ಜನ 64. ಅರವತ್ತನಾಲ್ಕು ಸಾವಿರವಲ್ಲ, ಅರವತ್ತನಾಲ್ಕೇ.

ಕೌಂಟಿ ಎಂದರೆ ಜಿಲ್ಲೆ ತಾನೇ?

ಹತ್ತಿರದ ಮಾತು ಅದೇ, ಆದರೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಜಿಲ್ಲಾಧಿಕಾರಿಯನ್ನು ಸರ್ಕಾರ ಕಳಿಸುತ್ತದೆ. ಟೆಕ್ಸಸ್ ಕೌಂಟಿಯಲ್ಲಿ ಪೊಲೀಸ್ ಮುಖ್ಯಸ್ಥನಾದ ಶೆರೀಫ್‌ನಿಂದ ಹಿಡಿದು ಗುಮಾಸ್ತರವರೆಗೆ, ತೆರಿಗೆ ವಸೂಲಿ ಮಾಡುವವರೂ ಸೇರಿದಂತೆ, ಮುಖ್ಯ ಹುದ್ದೆಗಳಿಗೆಲ್ಲ ಚುನಾವಣೆ ನಡೆಯುತ್ತದೆ. ಆಡಳಿತ ನಡೆಸುವ ಮಂಡಳಿಗೆ ಕಮಿಷನರ್ಸ್ ಕೋರ್ಟ್ ಎಂದು ಹೆಸರು. ಒಬ್ಬ ಕೌಂಟಿ ಜಡ್ಜ್, ನಾಲ್ವರು ಕಮಿಷನರ್‌ಗಳು ಅದರಲ್ಲಿರುತ್ತಾರೆ. ಹೆಸರಲ್ಲಿ ಕೋರ್ಟ್ ಇದ್ದರೂ ಅಲ್ಲಿ ಹೆಚ್ಚಾಗಿ ಚರ್ಚೆಯಾಗುವುದು ರಸ್ತೆ, ಬಜೆಟ್, ತೆರಿಗೆ ದರ.

ಇನ್ನೊಂದು ವ್ಯತ್ಯಾಸ ಈ ಕಥೆಗೆ ತೀರಾ ಮುಖ್ಯ. ಆಗಿನ ಟೆಕ್ಸಸ್‌ನಲ್ಲಿ ಕೌಂಟಿ ಹುಟ್ಟಲು ಎರಡು ಹೆಜ್ಜೆ ಬೇಕಿತ್ತು. ಮೊದಲು ಶಾಸನಸಭೆ ನಕ್ಷೆಯ ಮೇಲೆ ಗೆರೆ ಎಳೆದು ಹೆಸರಿಡುತ್ತಿತ್ತು. ಅಷ್ಟಕ್ಕೆ ಆಡಳಿತ ಬರುತ್ತಿರಲಿಲ್ಲ. ಅಲ್ಲಿ ಸಾಕಷ್ಟು ಜನ ನೆಲೆಸಿ, ಅರ್ಜಿ ಹಾಕಿ, ಚುನಾವಣೆ ನಡೆಸಿ ಅಧಿಕಾರಿಗಳನ್ನು ಆರಿಸಿಕೊಂಡ ಮೇಲೆಯೇ ಕೌಂಟಿ ನಿಜಕ್ಕೂ ಶುರುವಾಗುತ್ತಿತ್ತು. ಅಲ್ಲಿಯವರೆಗೆ ಕೋರ್ಟು ಕಚೇರಿ ಕೆಲಸಕ್ಕೆಲ್ಲ ಪಕ್ಕದ ಕೌಂಟಿಯೇ ಗತಿ. ಲವಿಂಗ್ ವಿಷಯದಲ್ಲಿ ಈ ಎರಡು ಹೆಜ್ಜೆಗಳ ನಡುವೆ ಹಿಡಿದದ್ದು 44 ವರ್ಷ. ಮಧ್ಯೆ ಒಂದು ಹುಸಿ ಆರಂಭವೂ ಆಯಿತು.

ಗೆರೆ ಎಳೆದದ್ದು ಯಾವಾಗ?

1887ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು ಈ ಪ್ರದೇಶ ಟಾಮ್ ಗ್ರೀನ್ ಎಂಬ ವಿಪರೀತ ದೊಡ್ಡ ಕೌಂಟಿಯ ಪಶ್ಚಿಮದ ತುದಿಯಾಗಿತ್ತು. ಟಾಮ್ ಗ್ರೀನ್ ಅನ್ನು ಕತ್ತರಿಸಿ ಶಾಸನಸಭೆ ಒಂದಾದ ಮೇಲೊಂದು ಕೌಂಟಿ ಮಾಡಿತು. ಲವಿಂಗ್ ಜೊತೆಗೇ ಬಂದವು ವಾರ್ಡ್, ವಿಂಕ್ಲರ್, ಎಕ್ಟರ್, ಕ್ರೇನ್, ಅಪ್ಟನ್. ಆಗಷ್ಟೇ ಟೆಕ್ಸಸ್ ಅಂಡ್ ಪೆಸಿಫಿಕ್ ರೈಲು ಆ ಬಯಲು ದಾಟಿ ಪಶ್ಚಿಮಕ್ಕೆ ಹೋಗಿತ್ತು. ರೈಲು ಬಂದ ಕಡೆ ಜನ ಬಂದೇ ಬರುತ್ತಾರೆಂಬ ಲೆಕ್ಕಾಚಾರ. ಮಿಡ್‌ಲ್ಯಾಂಡ್, ಒಡೆಸ್ಸಾ ಕಡೆ ಅದು ಸರಿಹೋಯಿತು. ಹಳಿಯಿಂದ ದೂರ ಉಳಿದ ಲವಿಂಗ್‌ನಲ್ಲಿ 1890ರ ಜನಗಣತಿಗೆ ಸಿಕ್ಕವರು ಮೂರೇ ಜನ.

ಹೆಸರು ಯಾರದ್ದು?

ಆಲಿವರ್ ಲವಿಂಗ್ ಎಂಬ ದನದ ವ್ಯಾಪಾರಿಯದು. ಹೆಸರು ಕೇಳಿ ಪ್ರೇಮಕ್ಕೆ ಗಂಟು ಹಾಕುವವರೇ ಹೆಚ್ಚು. ಇದು ಅವನ ಮನೆತನದ ಹೆಸರು, ಅಷ್ಟೇ.

ಲವಿಂಗ್ ಹುಟ್ಟಿದ್ದು 1812ರಲ್ಲಿ, ಕೆಂಟಕಿಯಲ್ಲಿ. 1840ರ ದಶಕದಲ್ಲಿ ಸಂಸಾರ ಸಮೇತ ಟೆಕ್ಸಸ್‌ಗೆ ಬಂದ. ಬೇಸಾಯ, ಸರಕು ಸಾಗಣೆ, ಕೊನೆಗೆ ದನ. ಟೆಕ್ಸಸ್‌ನಲ್ಲಿ ದನಗಳು ಬೇಕಾದಷ್ಟಿದ್ದವು, ಕೊಳ್ಳುವವರಿರಲಿಲ್ಲ. ಕೊಳ್ಳುವವರು ಇದ್ದ ಕಡೆಗೆ ದನಗಳನ್ನು ನಡೆಸಿಕೊಂಡೇ ಹೋಗಬೇಕಿತ್ತು. ಲವಿಂಗ್ 1858ರಲ್ಲಿ ಇಲಿನಾಯ್‌ವರೆಗೂ, 1860ರಲ್ಲಿ ಕೊಲರಾಡೋದ ಚಿನ್ನದ ಗಣಿ ಕೆಲಸಗಾರರಿಗೆ ಮಾರಲು ಡೆನ್ವರ್‌ವರೆಗೂ ಮಂದೆ ಹೊಡೆಸಿದ. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ (1861–65) ಸಮಯದಲ್ಲಿ ದಕ್ಷಿಣದ ಸೇನೆಗೆ ಮಾಂಸದ ದನ ಪೂರೈಸಿದ. ದಕ್ಷಿಣ ಸೋತಿತು, ಅವನಿಗೆ ಬರಬೇಕಿದ್ದ ದೊಡ್ಡ ಮೊತ್ತ ಮುಳುಗಿಹೋಯಿತು.

1866ರಲ್ಲಿ ತನಗಿಂತ 24 ವರ್ಷ ಚಿಕ್ಕವನಾದ ಚಾರ್ಲ್ಸ್ ಗುಡ್‌ನೈಟ್ ಜೊತೆ ಸೇರಿಕೊಂಡ. ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ ಅಮೆರಿಕದ ಸೇನೆ ಸಾವಿರಾರು ನವಾಹೋ ಮೂಲನಿವಾಸಿಗಳನ್ನು ಬಲವಂತವಾಗಿ ತಂದು ಕೂಡಿಹಾಕಿತ್ತು. ಅಲ್ಲಿ ಬೆಳೆ ಬರಲಿಲ್ಲ. ಅಷ್ಟು ಜನರ ಹೊಟ್ಟೆಗೆ ಸರ್ಕಾರ ಮಾಂಸ ಕೊಳ್ಳಲೇಬೇಕಿತ್ತು. ಈ ಕೌಂಟಿಯ ಹೆಸರಿನ ಹಿಂದೆ ಆ ಹಸಿವೂ ಇದೆ. ಟೆಕ್ಸಸ್‌ನವರು ಹೇಳುವ ವೀರಗಾಥೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಅರ್ಧ ವಾಕ್ಯ ಸಿಗುತ್ತದೆ.

ಲವಿಂಗ್ ಈ ಕೌಂಟಿಯಲ್ಲಿ ವಾಸವಾಗಿದ್ದನೇ?

ಇಲ್ಲ. ಹಾದುಹೋದ. ಇಬ್ಬರೂ ಸುಮಾರು 2,000 ದನಗಳ ಜೊತೆ ಫೋರ್ಟ್ ಬೆಲ್ಕ್‌ನ್ಯಾಪ್ ಕಡೆಯಿಂದ ಹೊರಟರು. ನೇರ ಉತ್ತರಕ್ಕೆ ಹೋದರೆ ಕಮಾಂಚಿ ಎಂಬ ಮೂಲನಿವಾಸಿಗಳ ನಾಡು, ಅದಕ್ಕೇ ಮೊದಲು ನೈಋತ್ಯಕ್ಕೆ ಇಳಿದು ಪೇಕೋಸ್ ನದಿ ಹಿಡಿಯುವುದೆಂದು ಗೊತ್ತುಮಾಡಿಕೊಂಡಿದ್ದರು. ಕಾಂಚೋ ನದಿಯ ಮೇಲ್ಭಾಗ ಬಿಟ್ಟ ಮೇಲೆ ಪೇಕೋಸ್‌ವರೆಗೆ ಹನಿ ನೀರಿಲ್ಲ. ಮೂರು ದಿನ ಹಗಲು ರಾತ್ರಿ ನಡೆಸಬೇಕು. ನಾಲಿಗೆ ಹೊರಚಾಚಿ ತೂರಾಡುತ್ತಿದ್ದ ದನಗಳಿಗೆ ದೂರದಿಂದ ನದಿಯ ವಾಸನೆ ಬಡಿದದ್ದೇ ತಡ, ಹುಚ್ಚೆದ್ದು ಓಡಿ ಕಡಿದಾದ ದಡದಿಂದ ನೀರಿಗೆ ಬಿದ್ದವು. ಎಷ್ಟೋ ದನ ಅಲ್ಲೇ ಸತ್ತವು. ಉಳಿದವನ್ನು ನದಿಯ ಪೂರ್ವದ ದಂಡೆ ಹಿಡಿದು ಮೇಲಕ್ಕೆ ನಡೆಸಿದರು. ಇಂದಿನ ಲವಿಂಗ್ ಕೌಂಟಿ ಇರುವುದು ಆ ಪೂರ್ವದ ದಂಡೆಯಲ್ಲೇ. ಫೋರ್ಟ್ ಸಮ್ನರ್‌ನಲ್ಲಿ 12,000 ಡಾಲರ್ ಚಿನ್ನದಲ್ಲಿ ಕೈಸೇರಿತು. ಆ ದಾರಿಗೆ ಗುಡ್‌ನೈಟ್–ಲವಿಂಗ್ ಟ್ರೇಲ್ ಎಂಬ ಹೆಸರು ನಿಂತಿತು.

ಅವನು ಸತ್ತದ್ದು ಹೇಗೆ?

1867ರ ಪಯಣದಲ್ಲಿ. ಗುತ್ತಿಗೆಯ ಮಾತುಕತೆಗೆ ತಡವಾಗಬಾರದೆಂದು ಲವಿಂಗ್ ಮಂದೆಯನ್ನು ಗುಡ್‌ನೈಟ್‌ಗೆ ಬಿಟ್ಟು ಬಿಲ್ ವಿಲ್ಸನ್ ಎಂಬ ಒಂದೇ ಕೈಯ ಸವಾರನ ಜೊತೆ ಮುಂದೆ ಹೋದ. ರಾತ್ರಿ ಮಾತ್ರ ಪ್ರಯಾಣ ಮಾಡಿ ಎಂದು ಗುಡ್‌ನೈಟ್ ಹೇಳಿದ್ದ. ಒಂದೆರಡು ರಾತ್ರಿ ಹಾಗೇ ಮಾಡಿ, ಬೇಸರ ಬಂದು ಹಗಲಲ್ಲೇ ಹೊರಟರು. ನ್ಯೂ ಮೆಕ್ಸಿಕೋ ಭಾಗದ ಪೇಕೋಸ್ ದಂಡೆಯಲ್ಲಿ ಕಮಾಂಚಿಗಳ ಕಣ್ಣಿಗೆ ಬಿದ್ದರು. ನದಿಯ ಅಂಚಿನ ಪೊದೆಯಲ್ಲಿ ಅವಿತುಕೊಂಡರೂ ಲವಿಂಗ್‌ಗೆ ಮಣಿಕಟ್ಟಿನಲ್ಲೂ ಪಕ್ಕೆಯಲ್ಲೂ ಗುಂಡು ತಗುಲಿತು. ತಾನು ಉಳಿಯುವುದಿಲ್ಲ ಎಂದುಕೊಂಡು ವಿಲ್ಸನ್‌ನನ್ನು ಹಿಂದಕ್ಕೆ ಕಳಿಸಿದ. ವಿಲ್ಸನ್ ರಾತ್ರಿ ನೀರಿನಲ್ಲೇ ಜಾರಿ ತಪ್ಪಿಸಿಕೊಂಡು, ಬರಿಗಾಲಲ್ಲಿ ದಿನಗಟ್ಟಲೆ ನಡೆದು ಮಂದೆಯನ್ನು ಮುಟ್ಟಿದ.

ಗುಡ್‌ನೈಟ್ ಬಂದು ನೋಡಿದಾಗ ಲವಿಂಗ್ ಅಲ್ಲಿರಲಿಲ್ಲ. ಅವನೂ ಹೇಗೋ ತಪ್ಪಿಸಿಕೊಂಡು, ದಾರಿಯಲ್ಲಿ ಸಿಕ್ಕ ಮೆಕ್ಸಿಕನ್ ವ್ಯಾಪಾರಿಗಳ ಗಾಡಿಯಲ್ಲಿ ಫೋರ್ಟ್ ಸಮ್ನರ್ ಸೇರಿದ್ದ. ಪಕ್ಕೆಯ ಗಾಯ ಮಾಯುತ್ತಿತ್ತು, ಕೈಯದು ಕೊಳೆಯತೊಡಗಿತು. ಅಲ್ಲಿದ್ದ ವೈದ್ಯ ಕೈ ಕತ್ತರಿಸಲು ಹಿಂದೇಟು ಹಾಕಿದ. ಕತ್ತರಿಸುವ ಹೊತ್ತಿಗೆ ಕಾಲ ಮೀರಿತ್ತು. 1867ರ ಸೆಪ್ಟೆಂಬರ್ 25ರಂದು ಲವಿಂಗ್ ತೀರಿಕೊಂಡ.

ತನ್ನನ್ನು ಟೆಕ್ಸಸ್ ಮಣ್ಣಿನಲ್ಲೇ ಹೂಳಬೇಕೆಂದು ಅವನು ಗುಡ್‌ನೈಟ್‌ನಿಂದ ಮಾತು ತೆಗೆದುಕೊಂಡಿದ್ದ. ಮಂದೆ ಮುಂದಕ್ಕೆ ಹೋಗಬೇಕಿದ್ದರಿಂದ ಮೊದಲು ಫೋರ್ಟ್ ಸಮ್ನರ್‌ನಲ್ಲೇ ಹೂಳಿದರು. ಆಮೇಲೆ ಹೊರತೆಗೆದು, ಖಾಲಿ ಎಣ್ಣೆ ಡಬ್ಬಿಗಳನ್ನು ತಟ್ಟಿ ಚಪ್ಪಟೆ ಮಾಡಿ, ಬೆಸೆದು ತಗಡಿನ ಪೆಟ್ಟಿಗೆ ಮಾಡಿದರು. ಒಳಗೆ ಮರದ ಶವಪೆಟ್ಟಿಗೆ, ಎರಡರ ನಡುವೆ ಇದ್ದಿಲ ಪುಡಿ. ಅದನ್ನು ಗಾಡಿಗೇರಿಸಿ ಅದೇ ಪೇಕೋಸ್ ದಾರಿಯಲ್ಲಿ ವಾಪಸು ತಂದು, 1868ರ ಮಾರ್ಚ್‌ನಲ್ಲಿ ಪಾರ್ಕರ್ ಕೌಂಟಿಯ ವೆದರ್‌ಫರ್ಡ್‌ನಲ್ಲಿ ಮಣ್ಣು ಮಾಡಿದರು. ಸಮಾಧಿ ಇಂದಿಗೂ ಅಲ್ಲೇ ಇದೆ, ಲವಿಂಗ್ ಕೌಂಟಿಯಲ್ಲಲ್ಲ.

ಗುಡ್‌ನೈಟ್ ಹೆಸರಿನ ಕೌಂಟಿ ಯಾಕಿಲ್ಲ?

1887ರಲ್ಲಿ ಅವನಿನ್ನೂ ಗಟ್ಟಿಮುಟ್ಟಾಗಿದ್ದ, ಬದುಕಿದ್ದು 1929ರವರೆಗೆ. ಆಗ ಹೆಸರಿಡುತ್ತಿದ್ದ ರೀತಿ ನೋಡಿದರೆ ಸತ್ತವರಿಗೇ ಆದ್ಯತೆ, ಅದರಲ್ಲೂ ಯುದ್ಧ ಮಾಡಿದವರು ಮತ್ತು ನ್ಯಾಯಾಧೀಶರು. ಎಕ್ಟರ್, ವಿಂಕ್ಲರ್ ಇಬ್ಬರೂ ದಕ್ಷಿಣದ ಸೇನೆಯಲ್ಲಿದ್ದು ಆಮೇಲೆ ನ್ಯಾಯಾಧೀಶರಾದವರು, ರೀವ್ಸ್ ಅದೇ ಸೇನೆಯಲ್ಲಿದ್ದು ಆಮೇಲೆ ಟೆಕ್ಸಸ್ ಶಾಸನಸಭೆಯ ಸ್ಪೀಕರ್ ಆದವನು. ಕ್ರೇನ್ ಬೇಯ್ಲರ್ ವಿಶ್ವವಿದ್ಯಾಲಯದ ಅಧ್ಯಕ್ಷ. ನನಗೆ ಇಷ್ಟವಾಗುವವನು ವಾರ್ಡ್: 1835ರಲ್ಲಿ ಸ್ಯಾನ್ ಆಂಟೋನಿಯೋ ಮುತ್ತಿಗೆಯಲ್ಲಿ ಕಾಲು ಕಳೆದುಕೊಂಡ, ಕೆಲವು ವರ್ಷಗಳ ನಂತರ ವಿಜಯೋತ್ಸವದ ಫಿರಂಗಿ ಹಾರಿಸಲು ಹೋಗಿ ಕೈಯನ್ನೂ ಕಳೆದುಕೊಂಡ. ಈ ಸಾಲಿನಲ್ಲಿ ದನ ಹೊಡೆಯುವವನೊಬ್ಬನ ಹೆಸರು ಬಂದದ್ದೇ ವಿಶೇಷ. ಅದಕ್ಕಿಂತ ವಿಶೇಷವೆಂದರೆ ಅವನು ನಿಜವಾಗಿ ಆ ನೆಲ ತುಳಿದಿದ್ದ. ಗುಡ್‌ನೈಟ್ ಹೆಸರು ಆರ್ಮ್‌ಸ್ಟ್ರಾಂಗ್ ಕೌಂಟಿಯ ಒಂದು ಹಳ್ಳಿಗೆ ಉಳಿಯಿತು.

ನ್ಯೂ ಮೆಕ್ಸಿಕೋದಲ್ಲೂ ಲವಿಂಗ್ ಎಂಬ ಊರಿದೆಯಲ್ಲ?

ಇದೆ, ಎಡ್ಡಿ ಕೌಂಟಿಯಲ್ಲಿ. ಅದಕ್ಕೂ ಇವನದೇ ಹೆಸರು. ಆದರೆ 1967ರ ಪ್ರಸಿದ್ಧ ಲವಿಂಗ್ ತೀರ್ಪಿಗೂ ಇವನಿಗೂ ಸಂಬಂಧವಿಲ್ಲ. ಅಂತರ್ಜನಾಂಗೀಯ ಮದುವೆಯ ನಿಷೇಧವನ್ನು ತೊಡೆದುಹಾಕಿದ ಆ ಮೊಕದ್ದಮೆ ವರ್ಜೀನಿಯಾದ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಯದು.

1893ರ ಮೊದಲ ಸ್ಥಾಪನೆ ಮೋಸವೆನ್ನುತ್ತಾರೆ. ಏನಾಯಿತು?

ಡೆನ್ವರ್ ಕಡೆಯ ಕೆಲವರು ಲವಿಂಗ್ ಕೆನಾಲ್ ಅಂಡ್ ಇರಿಗೇಷನ್ ಕಂಪನಿ ಎಂದು ಬೋರ್ಡು ಹಾಕಿಕೊಂಡು ಬಂದರು. ಪೇಕೋಸ್‌ನಿಂದ ಕಾಲುವೆ ತೆಗೆದು ಬಯಲನ್ನು ಹಸಿರು ಮಾಡುತ್ತೇವೆ, ಜನ ಬಂದು ನೆಲೆಸುತ್ತಾರೆ ಎಂಬುದು ಯೋಜನೆ. ಆ ಕಾಲದಲ್ಲಿ ಪೇಕೋಸ್ ಕಣಿವೆಯುದ್ದಕ್ಕೂ ನೀರಾವರಿಯ ಹುಚ್ಚು ಹಬ್ಬಿತ್ತು, ಹಾಗಾಗಿ ಈ ಮಾತು ನಂಬಲಾಗದ್ದೇನೂ ಆಗಿರಲಿಲ್ಲ. ಕಂಪನಿಯ ಜೊತೆಗೆ ಅವರಿಗೆ ಕೌಂಟಿಯೂ ಬೇಕಾಯಿತು. 1893ರ ಜೂನ್‌ನಲ್ಲಿ, ನಮ್ಮದು ಪ್ರತ್ಯೇಕ ಕೌಂಟಿಯಾಗಲಿ ಎಂದು 150 ಅರ್ಹ ಮತದಾರರ ಸಹಿಯಿದ್ದ ಅರ್ಜಿ ಅಲ್ಲಿಯವರೆಗೆ ಇದರ ಆಡಳಿತ ನೋಡುತ್ತಿದ್ದ ಪಕ್ಕದ ರೀವ್ಸ್ ಕೌಂಟಿಗೆ ಸಲ್ಲಿಕೆಯಾಯಿತು.

ಮೂರು ವರ್ಷದ ಹಿಂದೆ ಮೂರೇ ಜನರಿದ್ದ ಜಾಗ ಇದು. ಆಗ ಮತ ಇದ್ದದ್ದು ವಯಸ್ಕ ಗಂಡಸರಿಗೆ ಮಾತ್ರ. 150 ಮತದಾರರು ಎಂದರೆ ಹೆಂಗಸರು ಮಕ್ಕಳನ್ನು ಸೇರಿಸಿದರೆ ಐದಾರು ನೂರು ಜನರ ಊರಾದರೂ ಇರಬೇಕಿತ್ತು. ಏಳು ವರ್ಷದ ನಂತರ, 1900ರ ಜನಗಣತಿಯಲ್ಲಿ ಸಿಕ್ಕವರು 33. ನಡುವೆ ಉಳಿದವರೆಲ್ಲ ಎಲ್ಲಿದ್ದರು, ಎಲ್ಲಿಗೆ ಹೋದರು ಎಂದು ಯಾರೂ ಹೇಳಬೇಕಾಗಿಲ್ಲ. ಅಂತೂ ಅರ್ಜಿ ಒಪ್ಪಿಗೆಯಾಯಿತು, ಜುಲೈನಲ್ಲಿ ಚುನಾವಣೆ ನಡೆಯಿತು, ಮೆಂಟೋನ್ ಎಂಬ ಹೊಸ ಊರು ಕೌಂಟಿ ಕೇಂದ್ರವಾಯಿತು.

ಮರುಭೂಮಿಯಲ್ಲಿ ಕೌಂಟಿ ಮಾಡಿಕೊಂಡು ಅವರಿಗೆ ಏನು ಲಾಭ?

ಸ್ಥಾಪಿತ ಕೌಂಟಿಗೆ ಜಮೀನಿನ ಮೇಲೆ ತೆರಿಗೆ ಹಾಕುವ ಹಕ್ಕಿತ್ತು, ಬಾಂಡ್ ಮಾರಿ ಸಾಲ ಎತ್ತುವ ಹಕ್ಕಿತ್ತು. ಜನವಿಲ್ಲದಿದ್ದರೂ ಜಮೀನಿಗೆ ಮಾಲೀಕರಿದ್ದರು, ಎಲ್ಲೋ ದೂರದಲ್ಲಿ ಕೂತಿದ್ದರು. ತೆರಿಗೆ ಕಟ್ಟುವವರು ಬೇರೆ, ಖರ್ಚು ಮಾಡುವವರು ಬೇರೆ. ಕಾಲುವೆ ತೋರಿಸಿ ಜಮೀನು ಮಾರುವುದಿದ್ದರಂತೂ ಸೈಟು ಮಾರುವವನ ಹತ್ತಿರ ಪಂಚಾಯಿತಿಯ ಮೊಹರೂ ಇದ್ದಂತೆ.

ಎಲ್ಲರೂ ಮೊದಲಿಂದಲೇ ಕಳ್ಳರಾಗಿದ್ದರೆಂದು ನಾನು ಹೇಳಲಾರೆ. ಕಾಲುವೆ ಕೆಲಸ ನಿಜಕ್ಕೂ ಶುರುವಾಗಿತ್ತು. 1893ರ ಆಗಸ್ಟ್‌ನಲ್ಲಿ ಪೇಕೋಸ್ ಉಕ್ಕಿ ಬಂದು ಅಗೆದದ್ದನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಆಮೇಲೆ ಉಳಿದದ್ದು ಕಾಲುವೆಯಿಲ್ಲದ ಕಂಪನಿ, ಜನರಿಲ್ಲದ ಕೌಂಟಿ. ಚುನಾವಣೆಗಳ ಬಗ್ಗೆ, ಲೆಕ್ಕಪತ್ರದ ಬಗ್ಗೆ ದೂರುಗಳು ಬಂದವು. ಅಧಿಕಾರಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಹೋಗುವಾಗ ಕೌಂಟಿಯ ದಾಖಲೆ ಪುಸ್ತಕಗಳನ್ನೂ ಹೊತ್ತುಕೊಂಡು ಹೋದರೆಂಬುದು ಅಲ್ಲಿ ಪ್ರಚಲಿತವಾಗಿರುವ ಮಾತು. 1897ರಲ್ಲಿ ಶಾಸನಸಭೆ ಕೌಂಟಿಯ ಆಡಳಿತವನ್ನೇ ರದ್ದು ಮಾಡಿ ಮತ್ತೆ ರೀವ್ಸ್‌ಗೆ ಸೇರಿಸಿತು. ಗೆರೆ ಮತ್ತು ಹೆಸರು ಮಾತ್ರ ನಕ್ಷೆಯ ಮೇಲೆ ಉಳಿದವು.

ಮೆಂಟೋನ್ ಎಂಬ ಹೆಸರು ಎಲ್ಲಿಂದ ಬಂತು?

ಫ್ರಾನ್ಸ್‌ನಿಂದ. ಮೆಡಿಟರೇನಿಯನ್ ತೀರದ ಮೆಂಟೋನ್, ನಿಂಬೆ ತೋಟಗಳ ಶೋಕಿ ಊರು. ಅಲ್ಲಿಂದ ಬಂದ ಫ್ರೆಂಚ್ ಮೋಜಣಿದಾರನೊಬ್ಬ ತನ್ನೂರಿನ ಹೆಸರಿಟ್ಟನೆಂದು ಹೇಳುತ್ತಾರೆ. ಆದರೆ ಇಂದಿನ ಮೆಂಟೋನ್ ಆ ಹಳೆಯ ಊರಲ್ಲ. ಹಳೆಯದು ಅಳಿದುಹೋಯಿತು. 1925ರಲ್ಲಿ ಅದಕ್ಕಿಂತ ದಕ್ಷಿಣಕ್ಕೆ ರ‍್ಯಾಮ್ಸಿ ಎಂಬ ಹೆಸರಿನಲ್ಲಿ ಒಂದು ಬಡಾವಣೆ ಎದ್ದಿತು. ಕೌಂಟಿ ಕೇಂದ್ರವಾದಾಗ ಅದಕ್ಕೆ ಹಳೆಯ ಹೆಸರನ್ನು ಅಂಟಿಸಿದರು. ಊರಿನ ಚರ್ಚ್ ಕೂಡ ಹೊರಗಿನದೇ: 1910ರಲ್ಲಿ ಪೋರ್ಟರ್‌ವಿಲ್ ಎಂಬ ಊರಲ್ಲಿ ಕಟ್ಟಿದ್ದು, ಆ ಊರು ಬರಿದಾದಾಗ ಕಟ್ಟಡವನ್ನೇ ಎತ್ತಿ ಇಲ್ಲಿಗೆ ತಂದರು. ಕೌಂಟಿಯ ಅತಿ ಹಳೆಯ ಕಟ್ಟಡ ಇದು.

ಎರಡನೇ ಸಲ ಸ್ಥಾಪನೆ ಆದದ್ದು ಹೇಗೆ?

1921ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿಂದ ಹತ್ತು ವರ್ಷದಲ್ಲಿ ಬಾವಿ ಕೊರೆಯುವವರ ಬಿಡಾರಗಳು ಎದ್ದವು. ನೋಂದಣಿಗೂ ಕಂದಾಯಕ್ಕೂ ನದಿ ದಾಟಿ ರೀವ್ಸ್‌ನ ಪೇಕೋಸ್ ಪಟ್ಟಣಕ್ಕೆ ಅಲೆಯುವುದು ಯಾರಿಗೂ ಬೇಕಿರಲಿಲ್ಲ. ಅದಕ್ಕಿಂತಲೂ, ತಮ್ಮ ನೆಲದ ಎಣ್ಣೆಯ ತೆರಿಗೆ ಪಕ್ಕದವರ ಖಜಾನೆಗೆ ಹೋಗುವುದು ಬೇಕಿರಲಿಲ್ಲ. 1931ರಲ್ಲಿ ಲವಿಂಗ್ ಮತ್ತೆ ಸ್ಥಾಪನೆಯಾಯಿತು. ಟೆಕ್ಸಸ್‌ನಲ್ಲಿ ಆಡಳಿತ ಪಡೆದ ಕೊನೆಯ ಕೌಂಟಿ ಇದು. ಹಳದಿ ಇಟ್ಟಿಗೆಯ ಕೋರ್ಟ್‌ಹೌಸ್ 1935ರಲ್ಲಿ ಎದ್ದಿತು, ಈಗಲೂ ಅದೇ ಇದೆ.

ಆಮೇಲೆ ಜನ ಹೆಚ್ಚಲಿಲ್ಲವೇ?

1940ರಲ್ಲಿ 285 ಆಯಿತು, ಜನಗಣತಿಯಲ್ಲಿ ಅದೇ ಗರಿಷ್ಠ. 1970ಕ್ಕೆ 164, 2000ಕ್ಕೆ 67. ಮಕ್ಕಳಿಲ್ಲದೆ 1972ರಲ್ಲಿ ಶಾಲೆ ಪಕ್ಕದ ಕೌಂಟಿಯ ವಿಂಕ್ ಊರಿನ ಶಾಲೆಯೊಂದಿಗೆ ವಿಲೀನವಾಯಿತು. ಕುಡಿಯುವ ನೀರನ್ನು ದಶಕಗಟ್ಟಲೆ ಲಾರಿಯಲ್ಲಿ ತರಿಸಿಕೊಂಡರು. ಈಗ ದೇಶದಲ್ಲೇ ಅತಿ ಕಡಿಮೆ ಜನರಿರುವ ಕೌಂಟಿ. ಸಮೀಪದ ಸ್ಪರ್ಧಿ ಹವಾಯಿಯ ಕಾಲಾವಾವೋ, ಹಿಂದೆ ಕುಷ್ಠರೋಗಿಗಳನ್ನು ದೂರವಿಟ್ಟಿದ್ದ ಜಾಗ, 2020ರಲ್ಲಿ 82 ಜನ.

ಜನ ಕಡಿಮೆಯಾದರೂ ಹುದ್ದೆಗಳು ಕಡಿಮೆಯಾಗಲಿಲ್ಲ. 1945ರಲ್ಲಿ ಎಡ್ನಾ ರೀಡ್ ಕ್ಲೇಟನ್ ಡೀವೀಸ್ ಇಲ್ಲಿ ಶೆರೀಫ್ ಆದರು. ಚುನಾಯಿತರಾದ ಟೆಕ್ಸಸ್‌ನ ಮೊದಲ ಮಹಿಳಾ ಶೆರೀಫ್ ಅವರೇ. ಪಿಸ್ತೂಲು ಇಟ್ಟುಕೊಳ್ಳುತ್ತಿರಲಿಲ್ಲ. ಅವರ ಅವಧಿಯಲ್ಲಿ ಆದ ಬಂಧನ ಎರಡೇ.

ಇಷ್ಟು ಕಡಿಮೆ ಜನರಿದ್ದರೆ ಚುನಾವಣೆ ಹೇಗೆ?

ಜೋರಾಗಿಯೇ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇಲ್ಲಿ ಬಿದ್ದ ಮತ 66. ಅದೇ ವರ್ಷದ ಜನಸಂಖ್ಯೆ, ಕೂಸುಗಳೂ ಸೇರಿ, 64. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಹೊರಗೆ ದುಡಿಯುತ್ತ, ಹೊರಗೆ ಮನೆ ಮಾಡಿಕೊಂಡು, ತಾತನ ಜಾನುವಾರು ಹೊಲವನ್ನೇ ಊರೆಂದು ಹೇಳಿಕೊಳ್ಳುವವರು ಅನೇಕ. ಮತದಾರನಾಗಲು ವಾಪಸು ಬರುವ ಮನಸ್ಸಿದ್ದರೆ ಸಾಕೇ, ಅಲ್ಲೇ ಮಲಗಬೇಕೇ ಎಂಬ ತಕರಾರು ಈಚಿನ ವರ್ಷಗಳಲ್ಲಿ ಕೋರ್ಟ್ ಮೆಟ್ಟಿಲನ್ನೂ ಏರಿದೆ. ಹತ್ತಿಪ್ಪತ್ತು ಮತ ಅತ್ತಿತ್ತಾದರೆ ಇಡೀ ಆಡಳಿತ ಕೈಬದಲಾಗುವ ಜಾಗ. 2000ದ ದಶಕದ ಮಧ್ಯದಲ್ಲಿ ಸರ್ಕಾರವೇ ಬೇಡವೆನ್ನುವ ಪಂಥದ ಕೆಲವು ಹೊರಗಿನವರು ಇಲ್ಲಿಗೆ ಗುಂಪಾಗಿ ಬಂದು ನೆಲೆಸಿ, ಚುನಾವಣೆ ಗೆದ್ದು ಕೌಂಟಿ ಹಿಡಿಯುವ ಯೋಜನೆ ಹಾಕಿದ್ದರು, ಕೈಗೂಡಲಿಲ್ಲ. 1893ರವರು ಇಲ್ಲದ ಜನರನ್ನು ಕಾಗದದ ಮೇಲೆ ತಂದರು, ಇವರು ಇರುವ ಜನರನ್ನು ಲಾರಿಯಲ್ಲಿ ತರಲು ನೋಡಿದರು. ಲೆಕ್ಕ ಎರಡು ಕಡೆಯೂ ಒಂದೇ: ಕೌಂಟಿಯ ಅಧಿಕಾರ ಪೂರ್ತಿ, ಅದನ್ನು ಕೊಡುವ ಕೈಗಳು ಬೆರಳೆಣಿಕೆ.

ಹಾಗಾದರೆ ಇದನ್ನು ರದ್ದು ಮಾಡಿ ರೀವ್ಸ್‌ಗೆ ಸೇರಿಸಬಾರದೇ?

1897ರಲ್ಲಿ ಮಾಡಿದರು, ಆಗ ಕಳೆದುಕೊಳ್ಳಲು ಏನೂ ಇರಲಿಲ್ಲ. ಈಗ ಇದು ಪರ್ಮಿಯನ್ ಬೇಸಿನ್ ಎಂಬ ದೊಡ್ಡ ಎಣ್ಣೆ ಪ್ರದೇಶದ ಹೊಟ್ಟೆಯಲ್ಲಿದೆ. ಮೆಂಟೋನ್ ಮೂಲಕ ಹೋಗುವ 302ನೇ ಹೆದ್ದಾರಿಯಲ್ಲಿ ಹಗಲಿರುಳು ಟ್ಯಾಂಕರ್ ಸಾಲು. ಜನಗಣತಿಗೆ ಸಿಗದ ಕೆಲಸಗಾರರು ಸುತ್ತಲಿನ ಬಿಡಾರಗಳಲ್ಲಿ ತುಂಬಿದ್ದಾರೆ. ಎಣ್ಣೆ ಮತ್ತು ಅನಿಲದ ಆಸ್ತಿಯ ಮೇಲಿನ ತೆರಿಗೆಯಿಂದ ಕೌಂಟಿಗೆ ಬರುವ ಹಣಕ್ಕೆ ಹೋಲಿಸಿದರೆ ಊರಿನ ತಲೆಯೆಣಿಕೆ ಹಾಸ್ಯದಂತೆ ಕಾಣುತ್ತದೆ. ಅಲ್ಲಿ ಮನೆಯಿರುವ ಯಾರೂ ಆ ಹಣವನ್ನು ನದಿಯಾಚೆಗೆ ಕಳಿಸಿ ಎಂದು ಅರ್ಜಿ ಹಾಕುವುದಿಲ್ಲ.